ಡಿವಿಷನ್ 3 ಕಾಲೇಜಿಗೆ ಮಗಳನ್ನು ಓಡಲು ಕಳಿಸಿದ ಕಥೆ

"ಥರ್ಡ್ ಡಿವಿಷನ್ನಾ? ಯಾಕಮ್ಮಾ, ಮಗು ಚೆನ್ನಾಗಿ ಓಡುತ್ತೆ ಅಂತಿದ್ದೆ ನೀನು?"

ಅರಸೀಕೆರೆಯಿಂದ ಅಪ್ಪ ಫೋನಿನಲ್ಲಿ ಹೀಗೆ ಕೇಳಿದರು. ದನಿಯಲ್ಲಿ ಬೇಸರ ಇತ್ತು. ಅವರದೇನೂ ತಪ್ಪಿಲ್ಲ. ನಾವೆಲ್ಲ ಬೆಳೆದದ್ದೇ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಥರ್ಡ್ ಕ್ಲಾಸ್ ಅನ್ನುವ ಲೆಕ್ಕದಲ್ಲಿ. ಪರೀಕ್ಷೆಯ ಫಲಿತಾಂಶಕ್ಕೂ ಅದೇ, ಹಿಂದೆ ರೈಲಿಗೂ ಅದೇ. ಬೆಂಗಳೂರಿನ ಕ್ರಿಕೆಟ್ ಲೀಗ್‌ನಲ್ಲೂ ಕೆಳಗಿನ ಡಿವಿಷನ್‌ನಲ್ಲಿ ಗೆದ್ದ ಕ್ಲಬ್ ಮೇಲೆ ಹೋಗುತ್ತದೆ, ಸೋತದ್ದು ಕೆಳಗೆ ಇಳಿಯುತ್ತದೆ. ಹಾಗಾಗಿ ಮೊಮ್ಮಗಳು ಅಮೆರಿಕದಲ್ಲಿ ಡಿವಿಷನ್ 3 ತಂಡ ಸೇರುತ್ತಾಳೆ ಅಂದಾಗ ಅವರಿಗೆ ಕೇಳಿಸಿದ್ದು ಒಂದೇ. ಎರಡು ಮೆಟ್ಟಿಲು ಕೆಳಗೆ.

ಒಂದು ವರ್ಷ ಮೊದಲು ನನಗೂ ಹಾಗೇ ಕೇಳಿಸಿತ್ತು. ನಮ್ಮ ಕನ್ನಡದ ಮನೆಗಳ ಮಕ್ಕಳು ಇಲ್ಲಿ ಈಜುತ್ತಾರೆ, ಟೆನಿಸ್ ಆಡುತ್ತಾರೆ, ಓಡುತ್ತಾರೆ. ಆದರೆ 11ನೇ ತರಗತಿಗೆ ಬಂದಾಗ ಕಾಲೇಜು ಕ್ರೀಡಾ ತಂಡಗಳ ಈ ಡಿವಿಷನ್‌ಗಳ ವಿಷಯ ಹೇಳಿಕೊಡುವವರು ಯಾರೂ ಇರಲ್ಲ. ನಮಗೂ ಇರಲಿಲ್ಲ. ಅದಕ್ಕೇ ನಾವು ನಡೆದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾವಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಮಗಳು ಏಳನೇ ತರಗತಿಯಿಂದ ಕ್ರಾಸ್ ಕಂಟ್ರಿ ಓಡುತ್ತಿದ್ದಾಳೆ. ಹುಲ್ಲು, ಕೆಸರು, ದಿಣ್ಣೆ, ಎಲ್ಲದರ ಮೇಲೂ ಐದು ಕಿಲೋಮೀಟರ್. ನಾನೂ ತೊಂಬತ್ತರ ದಶಕದಲ್ಲಿ ಅರಸೀಕೆರೆಯಲ್ಲಿ ಡಿಗ್ರಿ ಓದುವಾಗ 1500 ಮೀಟರ್ ಓಡುತ್ತಿದ್ದೆ. ಮೈಸೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಕ್ರೀಡಾಕೂಟಕ್ಕೆ ನಮ್ಮ ಪಿ.ಡಿ. ಸರ್ ನಾಲ್ಕು ಜನ ಹುಡುಗಿಯರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಡಿವಿಷನ್ ಗಿವಿಷನ್ ಏನೂ ಇಲ್ಲ. ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿದ್ದು ದಿನಕ್ಕೆರಡು ಸಲ ತರಬೇತಿ ಪಡೆದವರು, ತಾಲ್ಲೂಕು ಕಾಲೇಜಿನಿಂದ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ ನಾವು, ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಮೊದಲ ಮೂರು ಜಾಗ ಯಾರಿಗೆ ಅಂತ ಓಟ ಶುರುವಾಗುವ ಮೊದಲೇ ನಮಗೆ ಗೊತ್ತಿರುತ್ತಿತ್ತು. ಡಿಗ್ರಿ ಮುಗಿಯಿತು, ನನ್ನ ಓಟವೂ ಅಲ್ಲಿಗೇ ನಿಂತಿತು. ಮಗಳದು ಹಾಗೆ ನಿಲ್ಲಬಾರದು ಅಂತ ನನಗೆ ತುಂಬಾ ಆಸೆ ಇತ್ತು.

2022ರ ಸೆಪ್ಟೆಂಬರ್‌ನಲ್ಲಿ ಅವಳಿಗೆ ಒಂದು ಇಮೇಲ್ ಬಂತು. ಒಂದು ಸಣ್ಣ ಕಾಲೇಜಿನ ಕೋಚ್ ಬರೆದಿದ್ದರು. ನಿನ್ನ ಓಟ ನೋಡಿದೆ, ನಮ್ಮ ಕಾಲೇಜಿನ ಪ್ರಶ್ನಾವಳಿ ತುಂಬಿ ಕಳಿಸುತ್ತೀಯಾ ಅಂತ. ಕೆಳಗೆ ಸಣ್ಣದಾಗಿ ಡಿವಿಷನ್ 3 ಅಂತಿತ್ತು. ಮಗಳು ಅದನ್ನು ನೋಡಿ ಫೋನ್ ಪಕ್ಕಕ್ಕಿಟ್ಟಳು. ಕೊಲಂಬಸ್‌ನಲ್ಲಿ ಬೆಳೆದ ಮಗುವಿಗೆ ಕಾಲೇಜು ಕ್ರೀಡೆ ಅಂದರೆ ಒಹಾಯೋ ಸ್ಟೇಟ್ ಒಂದೇ. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರುವ ಸ್ಟೇಡಿಯಂ, ಶನಿವಾರ ಊರೆಲ್ಲ ಕೆಂಪು ಬಟ್ಟೆ. ಅವಳ ಮನಸ್ಸಿನಲ್ಲಿದ್ದದ್ದು ಅದು. ಆದರೆ ಅವಳ ಅತ್ಯುತ್ತಮ ಸಮಯ ಆಗ 19 ನಿಮಿಷ 24 ಸೆಕೆಂಡ್. ಅಂಥ ದೊಡ್ಡ ತಂಡಗಳಿಗೆ ಸೇರುವ ಹುಡುಗಿಯರು 18 ನಿಮಿಷದ ಒಳಗೆ ಓಡುವವರು. ಒಂದೂವರೆ ನಿಮಿಷ ಅಂದರೆ ಕೇಳಲು ಸಣ್ಣದು. ಮೈದಾನದಲ್ಲಿ ಅದು 400 ಮೀಟರ್ ಅಂತರ.

ಗೊತ್ತಿಲ್ಲದೇ ಹೋದಾಗ ಮಾಡುವ ಮೊದಲ ತಪ್ಪನ್ನು ನಾವೂ ಮಾಡಿದೆವು. ಕಾಲೇಜು ಕೋಚ್‌ಗಳಿಗೆ ಪರಿಚಯ ಮಾಡಿಸುತ್ತೇವೆ ಅನ್ನುವ ಒಂದು ಕಂಪನಿಗೆ ಮೂರು ಸಾವಿರ ಡಾಲರ್ ಹತ್ತಿರ ಕಟ್ಟಿದೆವು. ಅವರು ಒಂದೇ ಇಮೇಲ್ ಅನ್ನು ನೂರಾರು ಜನಕ್ಕೆ ಕಳಿಸಿದರು. ಅದರಲ್ಲಿ ಹುಡುಗಿಯರ ಕ್ರಾಸ್ ಕಂಟ್ರಿ ತಂಡವೇ ಇಲ್ಲದ ಕಾಲೇಜುಗಳೂ ಇದ್ದವು. ಮೂರು ತಿಂಗಳಲ್ಲಿ ಒಂದೂ ಸರಿಯಾದ ಉತ್ತರ ಬರಲಿಲ್ಲ. ಶಾಲೆಯ ಕೋಚ್ ಕೊನೆಗೆ ಹೇಳಿದರು, ದುಡ್ಡು ಕೊಡುವ ಅಗತ್ಯವೇ ಇಲ್ಲ, ಅವಳೇ ಬರೆಯಲಿ, ಕೋಚ್‌ಗಳಿಗೆ ಬೇಕಾದದ್ದು ಅಮ್ಮ ಅಪ್ಪನ ಮಾತಲ್ಲ, ಮಗುವಿನ ಮಾತು ಅಂತ. ಹಾಗೇ ಅವಳು 22 ಕೋಚ್‌ಗಳಿಗೆ ತಾನೇ ಬರೆದಳು. ಪ್ರತಿಯೊಂದರಲ್ಲೂ ಆ ಕಾಲೇಜನ್ನು ಯಾಕೆ ನೋಡುತ್ತಿದ್ದೇನೆ, ನನ್ನ ಸಮಯ ಎಷ್ಟು, ಅಂಕ ಎಷ್ಟು, ಏನು ಓದಬೇಕು ಅಂತಿದ್ದೇನೆ, ಇಷ್ಟೇ. ಒಂಬತ್ತು ಜನ ಉತ್ತರ ಕೊಟ್ಟರು. ಅದರಲ್ಲಿ ಡಿವಿಷನ್ 1 ಒಂದು, ಡಿವಿಷನ್ 2 ಎರಡು, ಎನ್‌ಎಐಎ ಅನ್ನುವ ಬೇರೆ ಸಂಸ್ಥೆಯದು ಒಂದು, ಉಳಿದ ಐದು ಡಿವಿಷನ್ 3.

ಆ ಭಾನುವಾರ ನಾನು, ಮನೆಯವರು ಊಟದ ಟೇಬಲ್ ಮೇಲೆ ಕಾಗದ ಹರಡಿಕೊಂಡು ಕೂತು ಇದೆಲ್ಲ ಏನು ಅಂತ ಮೊದಲಿಂದ ಓದಿದೆವು. ಎನ್‌ಸಿಎಎ ಅನ್ನುವುದು ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ. ಹುಟ್ಟಿದ್ದು 1906ರಲ್ಲಿ, ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿ. ಮೊದಲು ಅದರಲ್ಲಿ ದೊಡ್ಡ ಯೂನಿವರ್ಸಿಟಿಗಳು, ಸಣ್ಣ ಕಾಲೇಜುಗಳು ಅಂತ ಎರಡೇ ಗುಂಪು ಇದ್ದದ್ದು. 1973ರಲ್ಲಿ ಮೂರು ಡಿವಿಷನ್ ಮಾಡಿದರು. ಅದರ ಹೊರಗೆ ಎನ್‌ಎಐಎ ಇದೆ. ಅದು ಹೆಚ್ಚಾಗಿ ಸಣ್ಣ ಖಾಸಗಿ ಕಾಲೇಜುಗಳದು, 1937ರಲ್ಲಿ ಕಾನ್ಸಸ್ ಸಿಟಿಯ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಿಂದ ಬೆಳೆದದ್ದು. ಆ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅದರ ಹಿಂದೆ ಇದ್ದವರಲ್ಲಿ ಒಬ್ಬರು. ಎರಡು ವರ್ಷದ ಕಾಲೇಜುಗಳಿಗೆ ಎನ್‌ಜೆಸಿಎಎ ಅಂತ ಬೇರೆಯೇ ಸಂಸ್ಥೆ, ಅದಕ್ಕೆ ಅದರದ್ದೇ ಮೂರು ಡಿವಿಷನ್. ಹಾಗಾಗಿ ಯಾರಾದರೂ ನಮ್ಮ ಹುಡುಗ ಡಿವಿಷನ್ 1 ಅಂದರೆ, ಯಾವ ಸಂಸ್ಥೆಯ ಡಿವಿಷನ್ 1 ಅಂತ ಕೇಳಬೇಕು.

ಒಂದು ಕಾಲೇಜು ಯಾವ ಡಿವಿಷನ್‌ನಲ್ಲಿ ಇರಬೇಕು ಅಂತ ನಿರ್ಧಾರ ಮಾಡುವುದು ಯಾರು? ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಜಾಸ್ತಿ ಸಮಯ ಹಿಡಿಯಿತು, ಯಾಕೆಂದರೆ ಮಗಳ ಹೈಸ್ಕೂಲಿನಲ್ಲಿ ಡಿವಿಷನ್ ಅಂದರೆ ಶಾಲೆಯಲ್ಲಿ ಎಷ್ಟು ಮಕ್ಕಳು ಇದ್ದಾರೆ ಅನ್ನುವುದರ ಮೇಲೆ. ಕಾಲೇಜಿನಲ್ಲಿ ಹಾಗಲ್ಲ. ನಾರ್ತ್ ಕ್ಯಾರೊಲಿನಾದ ಡೇವಿಡ್‌ಸನ್ ಕಾಲೇಜಿನಲ್ಲಿ ಎರಡು ಸಾವಿರ ಮಕ್ಕಳು, ಅದು ಡಿವಿಷನ್ 1. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಹತ್ತಾರು ಸಾವಿರ ಮಕ್ಕಳು, ಅದು ಡಿವಿಷನ್ 3. ಗೆದ್ದು ಮೇಲೆ ಹೋಗುವುದು, ಸೋತು ಕೆಳಗೆ ಬರುವುದು ಇಲ್ಲಿ ಇಲ್ಲವೇ ಇಲ್ಲ. ಕಾಲೇಜೇ ಆರಿಸಿಕೊಳ್ಳುತ್ತದೆ. ನಮ್ಮಲ್ಲಿ ಆಟಕ್ಕೆ ಎಷ್ಟು ದುಡ್ಡು ಹಾಕುತ್ತೇವೆ, ಆಡುವ ಮಕ್ಕಳಿಗೆ ಆಟಕ್ಕೆ ಅಂತಲೇ ಸ್ಕಾಲರ್‌ಶಿಪ್ ಕೊಡುತ್ತೇವಾ ಇಲ್ಲವಾ, ಎಷ್ಟು ಆಟಗಳ ತಂಡ ಇಡುತ್ತೇವೆ. ಡಿವಿಷನ್ 1ರಲ್ಲಿ ಇರಬೇಕಾದರೆ ಕಡಿಮೆ ಅಂದರೂ 14 ಆಟಗಳ ತಂಡ ಇರಬೇಕು, ಡಿವಿಷನ್ 2ಕ್ಕೆ 10. ಡಿವಿಷನ್ 3ರ ದೊಡ್ಡ ನಿಯಮ ಒಂದೇ: ಆಟಕ್ಕಾಗಿ ಒಂದು ಪೈಸೆ ಸ್ಕಾಲರ್‌ಶಿಪ್ ಇಲ್ಲ.

ಶಿಕಾಗೋ ಯೂನಿವರ್ಸಿಟಿಯ ಕಥೆ ಓದಿದ ಮೇಲೆ ನನಗೆ ಇದು ಪೂರ್ತಿ ತಿಳಿಯಿತು. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವ ಹೈಸ್ಮನ್ ಟ್ರೋಫಿ, ಅದರ ಮೊದಲ ವರ್ಷ, 1935ರಲ್ಲಿ, ಗೆದ್ದದ್ದು ಅಲ್ಲಿನ ಆಟಗಾರ ಜೇ ಬರ್ವಾಂಗರ್. ಆ ಕಾಲೇಜು ಆಗ ಒಹಾಯೋ ಸ್ಟೇಟ್ ಇರುವ ಅದೇ ಬಿಗ್ ಟೆನ್ ಗುಂಪಿನಲ್ಲಿತ್ತು. 1939ರಲ್ಲಿ ಅವರು ಫುಟ್‌ಬಾಲ್ ನಿಲ್ಲಿಸಿದರು. 1946ರಲ್ಲಿ ಆ ಗುಂಪನ್ನೇ ಬಿಟ್ಟರು. ಈಗ ಡಿವಿಷನ್ 3ರಲ್ಲಿದ್ದಾರೆ. ಯಾರೂ ಅವರನ್ನು ಕೆಳಗೆ ತಳ್ಳಲಿಲ್ಲ. ಓದು ಮೊದಲು ಅಂತ ಅವರೇ ತೀರ್ಮಾನ ಮಾಡಿದರು.

ಇನ್ನು ದುಡ್ಡಿನ ವಿಷಯ, ಯಾಕೆಂದರೆ ಎಲ್ಲ ಅಪ್ಪ ಅಮ್ಮಂದಿರೂ ಮೊದಲು ಕೇಳುವುದು ಅದನ್ನೇ. ಸ್ಕಾಲರ್‌ಶಿಪ್ ಅಂದರೆ ಪೂರ್ತಿ ಫೀಸು ಅಂದುಕೊಂಡಿದ್ದೆ ನಾನು. ಪಕ್ಕದ ರಾಜ್ಯದ ಒಬ್ಬ ಡಿವಿಷನ್ 2 ಕೋಚ್ ನಮಗೆ ಕೂತು ಬಿಡಿಸಿ ಹೇಳಿದರು. ಆ ಡಿವಿಷನ್‌ನಲ್ಲಿ ಹುಡುಗಿಯರ ಓಟದ ತಂಡಕ್ಕೆ, ಕ್ರಾಸ್ ಕಂಟ್ರಿ ಮತ್ತು ಟ್ರ್ಯಾಕ್ ಎರಡೂ ಸೇರಿ, ಜಾಸ್ತಿ ಅಂದರೆ 12.6 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡು ಕೊಡಬಹುದು. ಹನ್ನೆರಡು ಪಾಯಿಂಟ್ ಆರು. ಅಷ್ಟನ್ನು ತಂಡದ 38 ಹುಡುಗಿಯರಿಗೆ ಹಂಚಬೇಕು. ಒಳ್ಳೆ ಸ್ಪ್ರಿಂಟರ್‌ಗೆ ಅರ್ಧ, ಜಾವೆಲಿನ್ ಎಸೆಯುವವಳಿಗೆ ಕಾಲು, ಹೀಗೆ ಹಂಚುತ್ತಾ ಬಂದರೆ ನಿಮ್ಮ ಮಗಳಿಗೆ ವರ್ಷಕ್ಕೆ ಆರು ಸಾವಿರ ಡಾಲರ್ ಕೊಡಬಲ್ಲೆ ಅಂದರು. ಎಷ್ಟೋ ಕಾಲೇಜುಗಳಲ್ಲಿ ಆ 12.6ಕ್ಕೆ ಬೇಕಾದಷ್ಟು ದುಡ್ಡೂ ಇರಲ್ಲವಂತೆ. ಅವರು ಮುಚ್ಚಿಡದೆ ಹೇಳಿದ್ದಕ್ಕೆ ಇವತ್ತಿಗೂ ನನಗೆ ಅವರ ಮೇಲೆ ಗೌರವ ಇದೆ.

ನಾವು ನೋಡುತ್ತಿದ್ದ ಒಂದು ಡಿವಿಷನ್ 3 ಕಾಲೇಜಿನ ಫೀಸು, ಊಟ, ಹಾಸ್ಟೆಲ್ ಸೇರಿ ವರ್ಷಕ್ಕೆ 70 ಸಾವಿರ ಡಾಲರ್ ದಾಟಿತ್ತು. ನೋಡಿದ ತಕ್ಷಣ ಮನೆಯವರು ಲ್ಯಾಪ್‌ಟಾಪ್ ಮುಚ್ಚಿದರು. ಆದರೆ ಅದು ಬೋರ್ಡಿನ ಮೇಲಿನ ಬೆಲೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಒಂದು ಇರುತ್ತದೆ, 2011ರಿಂದ ಅದನ್ನು ಇಡಲೇಬೇಕು ಅಂತ ಕಾನೂನು ಇದೆ. ಅದರಲ್ಲಿ ನಮ್ಮ ಆದಾಯ, ಅವಳ ಅಂಕ ಹಾಕಿ ನೋಡಿದರೆ, ಓದಿಗೆ ಸಿಗುವ ಸ್ಕಾಲರ್‌ಶಿಪ್ ಒಂದೇ 28 ಸಾವಿರ ಬರುತ್ತಿತ್ತು. ಎಲ್ಲ ಕಳೆದ ಮೇಲೆ ಖರ್ಚು ಆ ಡಿವಿಷನ್ 2 ಕಾಲೇಜಿನ ಆಸುಪಾಸಿಗೇ ಬಂತು. ಇನ್ನೊಂದು ಮಾತು. ಡಿವಿಷನ್ 3 ಕಾಲೇಜುಗಳು ತಮ್ಮ ಆಟಗಾರರಿಗೆ ಕೊಟ್ಟ ನೆರವಿನ ಲೆಕ್ಕವನ್ನು ಪ್ರತಿ ವರ್ಷ ಎನ್‌ಸಿಎಎಗೆ ಒಪ್ಪಿಸಬೇಕು. ಬೇರೆ ಮಕ್ಕಳಿಗಿಂತ ಆಡುವವರಿಗೆ ಹಿಂಬಾಗಿಲಿನಿಂದ ಜಾಸ್ತಿ ಹೋಗಿದೆಯಾ ಅಂತ ಅವರು ನೋಡುತ್ತಾರೆ. ಹಾಗಾಗಿ ಬರುವ ದುಡ್ಡು ಓದಿಗೆ, ಮನೆಯ ಸ್ಥಿತಿಗೆ. ಓಟಕ್ಕಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ನಮಗೆ ಆಮೇಲೆ ಗೊತ್ತಾಯಿತು, ಅಲ್ಲಿಗೆ ಬರುತ್ತೇನೆ.

2023ರ ಬೇಸಿಗೆಯಲ್ಲಿ ಪ್ರೀ-ರೀಡ್ ಅಂತ ಒಂದು ಹಂತ ಬಂತು. ಕೋಚ್ ಮಗುವಿನ ಅಂಕಪಟ್ಟಿ, 12ನೇ ತರಗತಿಯಲ್ಲಿ ತೆಗೆದುಕೊಳ್ಳುವ ವಿಷಯಗಳು ಎಲ್ಲವನ್ನೂ ಕಾಲೇಜಿನ ಪ್ರವೇಶ ವಿಭಾಗಕ್ಕೆ ಕೊಡುತ್ತಾರೆ. ಅವರು ಓದಿ, ಈ ಹುಡುಗಿ ಅರ್ಜಿ ಹಾಕಿದರೆ ಸೀಟು ಸಿಗುವ ಸಾಧ್ಯತೆ ಹೇಗಿದೆ ಅಂತ ಮೊದಲೇ ಒಂದು ಸೂಚನೆ ಕೊಡುತ್ತಾರೆ. ಅದು ಮಾತು ಅಷ್ಟೇ, ಬರಹದ ಭರವಸೆ ಅಲ್ಲ. ನಮಗೆ ಎರಡು ಕಾಲೇಜಿನಿಂದ ಒಳ್ಳೆಯ ಸೂಚನೆ ಬಂತು. ಅದರಲ್ಲಿ ಒಬ್ಬ ಕೋಚ್, ನಿನ್ನನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ ಅಂತ ಜುಲೈನಲ್ಲಿ ಹೇಳಿದವರು, ಆಗಸ್ಟ್ ಕೊನೆಗೆ ಇಮೇಲ್‌ಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಮಗಳು ನಾಲ್ಕು ವಾರ ದಿನಾ ಬೆಳಿಗ್ಗೆ ಫೋನ್ ನೋಡುತ್ತಿದ್ದಳು. ಅವಳಿಗಿಂತ ಬೇಗ ಓಡುವವಳು ಸಿಕ್ಕಿರಬೇಕು. ಅದು ಅವರ ಹಕ್ಕು, ಆದರೆ 17 ವರ್ಷದ ಮಗುವಿಗೆ ಒಂದು ಸಾಲು ಬರೆದು ಹೇಳಬಹುದಿತ್ತು. ಈ ದಾರಿಯಲ್ಲಿ ಹೋಗುವವರು ಒಬ್ಬರೇ ಕೋಚ್ ಮಾತನ್ನು ನೆಚ್ಚಿಕೊಂಡು ಕೂರಬೇಡಿ. ಮತ್ತು ನೇರವಾಗಿ ಕೇಳಿ: ನಿಮ್ಮ ಪಟ್ಟಿಯಲ್ಲಿ ನಾನು ಎಷ್ಟನೆಯವಳು? ನನ್ನ ಮಗಳು ಆಮೇಲೆ ಇದನ್ನೇ ಕೇಳಿದಳು. ಒಳ್ಳೆಯ ಕೋಚ್‌ಗಳಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ.

ಇನ್ನೊಂದು ಕಾಲೇಜು ನಮ್ಮ ಒಹಾಯೋದಲ್ಲೇ ಇತ್ತು. ಹೆಸರು ಬರೆಯುವುದು ಅವಳಿಗೆ ಇಷ್ಟ ಇಲ್ಲ. ಎರಡು ಸಾವಿರಕ್ಕಿಂತ ಕಡಿಮೆ ಮಕ್ಕಳು, ಸುತ್ತ ಜೋಳದ ಹೊಲ. ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ತಂಡದ ಹುಡುಗಿಯರ ಜೊತೆ ಅವರ ಹಾಸ್ಟೆಲ್ ರೂಮಿನಲ್ಲಿ ಉಳಿದಳು. ಮರುದಿನ ಕರೆದುಕೊಂಡು ಬರಲು ಹೋದಾಗ ಕಾರಿನಲ್ಲಿ ಕೂತ ತಕ್ಷಣ ಮಾತು ಶುರು ಮಾಡಿದಳು. ಕೆಮಿಸ್ಟ್ರಿ ಲ್ಯಾಬ್ ಗುರುವಾರ ಸಂಜೆ ಇರುತ್ತಂತೆ, ಪ್ರಾಕ್ಟೀಸ್ ಹೊತ್ತಿಗೇ. ಲ್ಯಾಬ್ ಇರುವವರು ಬೆಳಿಗ್ಗೆ ಓಡುತ್ತಾರಂತೆ, ಕೋಚ್ ಏನೂ ಅನ್ನಲ್ಲವಂತೆ, ಎಷ್ಟೋ ಸಲ ಅವರೂ ಬೆಳಿಗ್ಗೆ ಆರಕ್ಕೆ ಬಂದು ನಿಲ್ಲುತ್ತಾರಂತೆ. ವ್ಯಾನ್ ಓಡಿಸುವುದೂ ಕೋಚೇ. ಊಟದ ಹಾಲ್‌ನಲ್ಲಿ ಬೇಳೆ, ಅನ್ನ ಸಿಗುತ್ತದೆ ಅಂತ ನನಗಾಗಿ ನೋಡಿಕೊಂಡು ಬಂದಿದ್ದಳು. "ಅಮ್ಮಾ, ಇಲ್ಲಿ ನಾನು ನಾಲ್ಕು ವರ್ಷವೂ ಓಡಬಹುದು. ಬೆಂಚ್ ಮೇಲೆ ಕೂರಲ್ಲ" ಅಂದಳು. ನನಗೆ ಮೈಸೂರಿನ ಆ ಮೈದಾನ, ಆ ಗೆರೆ ನೆನಪಾಯಿತು.

ನವೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಅರ್ಜಿ ಹಾಕಿದೆವು. ಸೀಟು ಕೊಟ್ಟರೆ ಅಲ್ಲಿಗೇ ಸೇರುತ್ತೇವೆ ಅಂತ ಸಹಿ ಮಾಡಿ ಹಾಕುವ ಅರ್ಜಿ ಅದು. ದುಡ್ಡು ಎಷ್ಟಾಗುತ್ತದೆ ಅಂತ ತಿಳಿಯದೆ ಸಹಿ ಹಾಕಲು ಮನೆಯವರು ಒಪ್ಪಲಿಲ್ಲ, ಅದು ಸರಿಯೂ ಹೌದು. ಹಣಕಾಸು ನೆರವಿನ ವಿಭಾಗಕ್ಕೆ ಫೋನ್ ಮಾಡಿ, ಒಂದು ಅಂದಾಜು ಲೆಕ್ಕವನ್ನು ಇಮೇಲ್‌ನಲ್ಲಿ ತರಿಸಿಕೊಂಡ ಮೇಲೆಯೇ ಸಹಿ ಬಿತ್ತು. ಕೇಳಿದರೆ ಕೊಡುತ್ತಾರೆ. ಕೇಳಬೇಕು ಅಷ್ಟೇ. ಡಿಸೆಂಬರ್ ಮಧ್ಯದಲ್ಲಿ ಸೀಟು ಸಿಕ್ಕಿತು.

ಅಪ್ಪನ ಫೋನ್ ಬಂದದ್ದು ಆಗಲೇ.

ಮೊದಲು ಎನ್‌ಸಿಎಎ, ನಿಯಮ ಅಂತ ಶುರು ಮಾಡಿದೆ, ಅವರಿಗೆ ಹಿಡಿಸಲಿಲ್ಲ. ಆಮೇಲೆ ಕೇಳಿದೆ, "ಅಪ್ಪಾ, ಅಮೆರಿಕದ ಎಂಐಟಿ ಗೊತ್ತಲ್ವಾ?" ಗೊತ್ತಿಲ್ಲದೆ ಇರುತ್ತಾ, ಅವರು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. "ಎಂಐಟಿಯ ಹೆಚ್ಚಿನ ತಂಡಗಳೂ ಡಿವಿಷನ್ 3ರಲ್ಲೇ ಆಡೋದು." ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹೌದಾ?" ಅಂದರು. "ಹಾಗಾದ್ರೆ ಇದು ಕ್ಲಾಸ್ ಅಲ್ಲ, ಸೆಕ್ಷನ್ನು. ಎ ಸೆಕ್ಷನ್, ಬಿ ಸೆಕ್ಷನ್ ಇದ್ದ ಹಾಗೆ." ನಾನು ಒಂದು ವರ್ಷ ಓದಿ ತಿಳಿದದ್ದನ್ನು ಅವರು ಒಂದೇ ಮಾತಿನಲ್ಲಿ ಹಿಡಿದರು.

ಡಿವಿಷನ್ 3 ಸುಲಭ ಅಂತ ಮಾತ್ರ ಯಾರೂ ತಿಳಿಯಬಾರದು. ಇಲ್ಲಿ 400ಕ್ಕಿಂತ ಜಾಸ್ತಿ ಕಾಲೇಜುಗಳಿವೆ, ಮೂರರಲ್ಲಿ ಇದೇ ದೊಡ್ಡ ಡಿವಿಷನ್. ನಮ್ಮ ಮನೆಯಿಂದ ಒಂದು ಗಂಟೆ ದೂರದ ಒಳಗೆ ಕೆನ್ಯನ್, ಡೆನಿಸನ್ ಅಂತ ಎರಡು ಸಣ್ಣ ಕಾಲೇಜುಗಳಿವೆ. ಕೆನ್ಯನ್ ಹುಡುಗರ ಈಜು ತಂಡ 1980ರಿಂದ 2010ರವರೆಗೆ ಸತತ 31 ವರ್ಷ ಡಿವಿಷನ್ 3ರ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2011ರಲ್ಲಿ ಆ ಸರಪಳಿ ಮುರಿದದ್ದು ಪಕ್ಕದ ಡೆನಿಸನ್, ಅದೂ ಒಂದೇ ಒಂದು ಅಂಕದಿಂದ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಟಿವಿಯಲ್ಲಿ ಇದೆಲ್ಲ ಬರಲ್ಲ, ದುಡ್ಡೂ ಇತ್ತ ಹರಿಯಲ್ಲ. ಎನ್‌ಸಿಎಎಯ ಆದಾಯದಲ್ಲಿ ಡಿವಿಷನ್ 3ಕ್ಕೆ ಮೀಸಲು ಶೇ 3.18 ಮಾತ್ರ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ನಂತರ ಡಿವಿಷನ್ 1 ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಆ ಲೋಕ ಈಗ ಬೇರೆಯೇ ಆಗಿದೆ.

2024ರ ಆಗಸ್ಟ್‌ನಲ್ಲಿ ಅವಳನ್ನು ಬಿಟ್ಟು ಬಂದೆವು. ಕಾಲೇಜಿನಲ್ಲಿ ಹುಡುಗಿಯರ ಓಟ ಆರು ಕಿಲೋಮೀಟರ್. ಮೊದಲ ವರ್ಷ ತಂಡದಲ್ಲಿ ಹನ್ನೊಂದನೆಯವಳು, ಹತ್ತನೆಯವಳು, ಹೀಗಿದ್ದಳು. 2025ರ ಮಾರ್ಚ್‌ನಲ್ಲಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ ಆಯಿತು. ಹತ್ತು ವಾರ ಓಡುವಂತಿಲ್ಲ. ರಾತ್ರಿ ಫೋನ್ ಮಾಡಿ ಅತ್ತಳು. ನಾವು ಸಮಾಧಾನ ಮಾಡಿದೆವು, ಆದರೆ ಒಂದು ಚಿಂತೆ ಮಾತ್ರ ನಮಗೆ ಬರಲೇ ಇಲ್ಲ. ಓಡದಿದ್ದರೆ ಸ್ಕಾಲರ್‌ಶಿಪ್ ಏನಾಗುತ್ತೆ ಅನ್ನುವ ಚಿಂತೆ. ಬೇರೆ ಡಿವಿಷನ್‌ನಲ್ಲಿ ಓಡುವ ನಮ್ಮ ಸ್ನೇಹಿತರ ಮಗನಿಗೆ ವರ್ಷ ವರ್ಷವೂ ಅದು ಮುಂದುವರಿಯುತ್ತಾ ಇಲ್ಲವಾ ಅಂತ ಕಾಯಬೇಕು. ನನ್ನ ಮಗಳು ನಾಳೆ ಶೂ ಕಳಚಿಟ್ಟರೂ ಅವಳ ಓದಿನ ದುಡ್ಡು ಹಾಗೇ ಇರುತ್ತದೆ. ಹಾಗಿದ್ದರೂ ಅವಳು ದಿನಾ ಈಜುಕೊಳಕ್ಕೆ ಹೋಗಿ ನೀರಿನಲ್ಲಿ ಓಡಿದಳು. ಯಾರೂ ಹೇಳಿದ್ದಲ್ಲ.

ಈ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಅವಳ ಓಟ ನೋಡಲು ಹೋಗಿದ್ದೆವು. ಇಲ್ಲಿ ಬೆಳಿಗ್ಗೆ ಹತ್ತು, ಅರಸೀಕೆರೆಯಲ್ಲಿ ಸಂಜೆ ಏಳೂವರೆ. ಅಪ್ಪ ವಿಡಿಯೋದಲ್ಲಿ ಇದ್ದರು. ಅವತ್ತು ಅವಳು ತಂಡದಲ್ಲಿ ಆರನೆಯವಳಾಗಿ ಬಂದಳು.

"ಎಷ್ಟು ಪಾಯಿಂಟ್ ಬಂತು ಪುಟ್ಟಿ?" ಅಂದರು.

ಅವಳಿಗೆ ಇನ್ನೂ ಏದುಸಿರು. "ನಂದು ಲೆಕ್ಕಕ್ಕೆ ಬರಲ್ಲ ತಾತ. ಎಷ್ಟೇ ಜನ ಓಡಿದ್ರೂ ಟೀಮ್ ಅಂದ್ರೆ ಮೊದಲ ಏಳು ಜನ, ಅದ್ರಲ್ಲಿ ಮೊದಲ ಐದು ಜನರ ಸ್ಥಾನ ಕೂಡಿಸ್ತಾರೆ. ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂಗೆ. ಆರು, ಏಳನೆಯವರದ್ದು ಕೂಡಿಸಲ್ಲ. ಆದ್ರೆ ನಾನು ಯಾರನ್ನ ಹಿಂದೆ ಹಾಕ್ತೀನೋ ಅವರ ಸ್ಥಾನ ಒಂದೊಂದು ಕೆಳಗೆ ಹೋಗುತ್ತೆ."

"ಇವತ್ತು ಹಾಗೆ ಯಾರನ್ನಾದ್ರೂ ಹಾಕಿದೆಯಾ?"

"ಕೊನೇ ದಿಣ್ಣೆಯಲ್ಲಿ ಇಬ್ಬರನ್ನ. ಆ ಟೀಮಿನ ನಾಲ್ಕನೆಯವಳು, ಐದನೆಯವಳು."

ಅಪ್ಪ ಲೆಕ್ಕ ಹಾಕಿದರು. "ಹಾಗಾದ್ರೆ ಅವರ ಮೊತ್ತಕ್ಕೆ ಎರಡು ಸೇರಿತು. ಅದು ನಿಂದೇ." ಆಮೇಲೆ ಎದ್ದು ಗೋಡೆ ಹತ್ತಿರ ಹೋದರು, ಒಂಟಿಕೊಪ್ಪಲ್ ಕ್ಯಾಲೆಂಡರ್ ಇರುವ ಕಡೆ. ಮುಂದಿನ ದೊಡ್ಡ ಓಟ ಯಾವತ್ತು ಅಂತ ಕೇಳಿದರು. ಸುತ್ತಲಿನ ಕಾಲೇಜುಗಳ ಕಾನ್ಫರೆನ್ಸ್ ಚಾಂಪಿಯನ್‌ಶಿಪ್, ನವೆಂಬರ್ 1 ಅಂದಳು.

"ರಾಜ್ಯೋತ್ಸವದ ದಿನ" ಅಂತ ಪೆನ್ನು ಹುಡುಕುತ್ತಾ ಅಂದರು. "ಬೆಳಿಗ್ಗೆ ಸ್ಕೂಲಲ್ಲಿ ಬಾವುಟ. ರಾತ್ರಿ ನಿನ್ನ ಓಟ. ಎಷ್ಟು ಗಂಟೆಗೆ ಹೇಳು, ಬರ್ಕೋತೀನಿ."